ಬಾಣದ ಗುರುತಿನ ಆಚೆ

ತರಗತಿಯಲ್ಲಿ ಹುಡುಗರು ಬಾಯಿ ಬಿಡುವುದಿಲ್ಲ ಎಂದು ಗೊಣಗದ ಮೇಡಂ ಯಾವ ಕಾಲೇಜಿನಲ್ಲಿದ್ದಾರೆ ಹೇಳಿ? ಆದರೆ ಈ ಮನೆಯ ಹಿರಿಯ ಸೊಸೆಯ ಗೋಳು ಅದಲ್ಲ. ಗೋಡೆಯಾಚೆ ಕಿರಿಯ ಸೊಸೆಯ ವಿದ್ಯಾರ್ಥಿಗಳು ಬಾಯಿ ಮುಚ್ಚುವುದೇ ಇಲ್ಲವಲ್ಲ, ಅದು ಅವಳ ಗೋಳು.

ವಾರಗಿತ್ತಿಯರಿಬ್ಬರೂ ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಕಾಲೇಜಿನ ಚಾವಣಿ ರಿಪೇರಿಗೆ ಬಂದು ಪಾಠವೆಲ್ಲ ಮನೆಯಿಂದಲೇ, ಆನ್‌ಲೈನ್‌ನಲ್ಲಿ ನಡೆಯುತ್ತಿತ್ತು. ಹಿರಿಯವಳು ನಡುಮನೆಯಲ್ಲಿ ಬಿಳಿ ಬೋರ್ಡ್ ನಿಲ್ಲಿಸಿಕೊಂಡಿದ್ದಳು. ಕಿರಿಯವಳಿಗೆ ಮಲಗುವ ಕೋಣೆಯ ಮೂಲೆ. ಅಲ್ಲಿಂದ ನಗು, ಪ್ರಶ್ನೆ, ವಾದ. ಅದರ ಮೇಲೆ ಅತ್ತೆ ಬೇರೆ, "ಚಿಕ್ಕೋಳ ಕ್ಲಾಸು ಕೇಳೋಕೇ ಚೆಂದ ಕಣೇ" ಅನ್ನುತ್ತಿದ್ದರು. ಹಿರಿಯವಳಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಇಪ್ಪತ್ತು ವರ್ಷದ ಅನುಭವ ತನ್ನದು, ಹೊಗಳಿಕೆ ನಿನ್ನೆ ಮೊನ್ನೆ ಬಂದವಳಿಗೆ!

ಒಂದು ದಿನ ಪ್ರಾಂಶುಪಾಲರ ಫೋನ್ ಬಂತು. "ನಿಮ್ಮ ಕ್ಲಾಸಿಗೆ ಅರ್ಧಕ್ಕರ್ಧ ಹುಡುಗರು ಬರ್ತಾನೇ ಇಲ್ಲ ಮೇಡಂ. ಹೀಗೇ ಆದ್ರೆ ಉಳಿದ ಪಾಠ ನಿಮ್ಮ ವಾರಗಿತ್ತಿಗೆ ಕೊಡಬೇಕಾಗುತ್ತೆ."

ತಡೆದುಕೊಳ್ಳಲಾಗಲಿಲ್ಲ. ನೇರ ಅಡುಗೆಮನೆಗೆ ಹೋಗಿ, "ನನ್ನ ಹುಡುಗರಿಗೆ ಏನ್ ಮಂಕುಬೂದಿ ಎರಚಿದೀಯೇ?" ಎಂದಳು.

ಕಿರಿಯವಳು ಲೋಟ ತೊಳೆಯುತ್ತಲೇ ಕೇಳಿದಳು: "ನಿಮ್ಮ ಕ್ಲಾಸಲ್ಲಿ ಅವರು ಏನ್ ಕೇಳ್ತಾರಕ್ಕ?"

"ಏನೂ ಕೇಳಲ್ಲ. ಎಲ್ಲರ ಮೈಕೂ ಬಂದ್ ಮಾಡಿದೀನಿ, ಚಾಟೂ ಬಂದ್. ಸೂಜಿ ಬಿದ್ರೂ ಕೇಳ್ಬೇಕು ನನ್ನ ಕ್ಲಾಸಲ್ಲಿ."

"ಹುಡುಗರೇ ಬಿದ್ರೆ ಹೇಗಕ್ಕ ಗೊತ್ತಾಗೋದು? ಒಂದು ದಿನ ಚಾಟ್ ತೆಗೀರಿ. ಬಾಯಿಬಿಟ್ಟು ಕೇಳೋಕೆ ನಾಚ್ಕೊಳ್ಳೋರು ಅಲ್ಲಿ ಬರೀತಾರೆ."

"ಬರೀತಾರೆ, ತಲೆಹರಟೆ!"

ಆದರೂ ತೆಗೆದಳು. ಹುಡುಗರು ತಲೆಹರಟೆ ಬರೆದರೆ ಅದನ್ನೇ ವಾರಗಿತ್ತಿಯ ಮುಖಕ್ಕೆ ಹಿಡಿಯಬಹುದಲ್ಲ ಎಂಬ ಆಸೆ. ಕಿರಿಯವಳು ತನ್ನ ಫೋನಿನಲ್ಲಿ ಅದೇ ತರಗತಿಗೆ ಸೇರಿಕೊಂಡು ಬಾಗಿಲಲ್ಲಿ ನಿಂತಳು.

ಒಂದು ಸಮೀಕರಣ ಬರೆದು ಹಿರಿಯವಳು ಕೇಳಿದಳು: "ಅರ್ಥ ಆಯ್ತಾ?" ಯಾರೂ ಏನೂ ಬರೆಯಲಿಲ್ಲ. ಅವಳು ಗೆದ್ದವಳಂತೆ ತಿರುಗಿ ನೋಡಿದಳು.

"ಹಾಗೆ ಕೇಳಿದ್ರೆ ಇಲ್ಲ ಅಂತ ಯಾರು ಹೇಳ್ತಾರಕ್ಕ?" ಕಿರಿಯವಳು ಪಿಸುಗುಟ್ಟಿದಳು. "ಎಲ್ಲಿ ತಪ್ಪಿಹೋಯ್ತು ಅಂತ ಕೇಳಿ. ಕೇಳಿ ಸುಮ್ನಿರಿ."

ಸುಮ್ಮನಿರುವುದು ಅವಳಿಗೆ ಪ್ರಾಣಸಂಕಟ. ಆದರೂ ಇದ್ದಳು. ಆಗ ಒಬ್ಬ ಬರೆದ: "ಮೇಡಂ, ಬಾಣದ ಗುರುತಿನ ಆಚೆ ಏನೂ ಕಾಣ್ತಿಲ್ಲ." ಇನ್ನೊಬ್ಬಳು ಬರೆದಳು: "ಮೊದಲ ದಿನದಿಂದಲೂ ಕಾಣ್ತಿಲ್ಲ. ಯಾವುದಕ್ಕೆ ಯಾವುದು ಸೇರಿಸಿದ್ರಿ ಅಂತ ಗೊತ್ತು, ಸೇರಿ ಏನಾಯ್ತು ಅಂತ ಗೊತ್ತಿಲ್ಲ." ಆಮೇಲೆ ಸಾಲು ಸಾಲಾಗಿ ಅದೇ ದೂರು.

ಕಿರಿಯವಳು ಫೋನ್ ಮುಂದೆ ಹಿಡಿದಳು. ಅದರಲ್ಲಿ ಕಂಡದ್ದು ಅರ್ಧ ಬೋರ್ಡ್. ಸಮೀಕರಣ ಬಾಣದ ಗುರುತಿನವರೆಗೆ ಬಂದು ಅಲ್ಲೇ ಕಡಿದುಹೋಗಿತ್ತು. ತನ್ನ ಮುಖ ತಾನೇ ನೋಡಿಕೊಳ್ಳಲು ಮುಜುಗರವೆಂದು ಹಿರಿಯವಳು ಪರದೆಯಲ್ಲಿ ತನ್ನ ಚಿತ್ರವನ್ನು ಮರೆಮಾಡಿಕೊಂಡಿದ್ದಳು. ಕ್ಯಾಮೆರಾ ಎಷ್ಟು ಹಿಡಿದಿದೆ ಎಂದು ನೋಡಿಯೇ ಇರಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತೇನ್ರೋ?"

"ಹೇಗೆ ಹೇಳೋದು ಮೇಡಂ?" ಎಂದು ಚಾಟ್‌ನಲ್ಲಿ ಉತ್ತರ ಬಂತು. "ಎಲ್ಲಾ ಬಂದ್ ಮಾಡಿದ್ರಲ್ಲ."

ಅವಳ ಮುಖ ಕೆಂಪಾಯಿತು. ಕ್ಯಾಮೆರಾವನ್ನು ಹಿಂದೆ ಸರಿಸಿ, ಬೋರ್ಡ್ ಒರೆಸಿ, ಮೊದಲ ಪಾಠದಿಂದ ಶುರುಮಾಡಿದಳು. ಪ್ರಶ್ನೆಗಳು ಎಷ್ಟು ಬಂದವೆಂದರೆ ಕೆಲವಕ್ಕೆ ಉತ್ತರ ನಾಳೆ ಎನ್ನಬೇಕಾಯಿತು. ಪ್ರಾಂಶುಪಾಲರಿಗೆ ತಾನೇ ಫೋನ್ ಮಾಡಿ, "ಪಾಠ ನಾನೇ ಮುಗಿಸ್ತೀನಿ ಸರ್, ಒಂದು ವಾರ ನೋಡಿ" ಎಂದಳು. ಬಿಟ್ಟುಹೋದವರು ಆ ವಾರದಲ್ಲಿ ಒಬ್ಬೊಬ್ಬರಾಗಿ ಮರಳಿದರು. ಪಾಠ ಅವಳ ಕೈಯಲ್ಲೇ ಉಳಿಯಿತು.

ಹೊಟ್ಟೆಕಿಚ್ಚು ಹೋಯಿತೇ? ಎಲ್ಲಿ ಹೋಗುತ್ತದೆ! ಕಿರಿಯವಳು ಪರದೆಯ ಮೇಲೆ ಮತ ಹಾಕಿಸಿ ಉತ್ತರ ಕೇಳುತ್ತಾಳೆ, ಹುಡುಗರನ್ನು ಸಣ್ಣ ಸಣ್ಣ ಗುಂಪು ಮಾಡಿ ಚರ್ಚೆಗೆ ಬಿಡುತ್ತಾಳೆ. ಅದನ್ನು ಕಂಡರೆ ಇವಳಿಗೆ ಈಗಲೂ ಉರಿಯುತ್ತದೆ. ಆದರೆ ಈಗ ಉರಿದಾಗ ಹೋಗಿ ಕೇಳುತ್ತಾಳೆ: "ಅದನ್ನ ಹೇಗೆ ಮಾಡ್ದೆ, ನಂಗೂ ತೋರ್ಸೇ."

ಪರದೆಯಲ್ಲಿ ಪಾಠ ಮಾಡುವ ಮೇಷ್ಟ್ರೇ, ಮೇಡಂ, ಇವತ್ತೇ ಇನ್ನೊಂದು ಫೋನ್ ಹಿಡಿದು ನಿಮ್ಮ ತರಗತಿಯನ್ನು ನೀವೇ ನೋಡಿ. ಚಾಟ್ ತೆರೆಯಿರಿ. ಎಲ್ಲಿ ತಪ್ಪಿಹೋಯಿತು ಎಂದು ಕೇಳಿ, ಉತ್ತರ ಬರುವ ತನಕ ತಾಳ್ಮೆಯಿಂದಿರಿ. ನಿಮ್ಮ ತರಗತಿ ಬಹಳ ಶಾಂತವಾಗಿದೆಯೇ? ಹೆಮ್ಮೆಪಡುವ ಮೊದಲು, ಅವರು ಮಾತಾಡುವ ದಾರಿಯನ್ನು ನೀವೇ ಮುಚ್ಚಿದ್ದೀರಾ ಎಂದು ನೋಡಿಕೊಳ್ಳಿ.