ತೆರೆ ಏಳದ ಜಾಗ

ರಬಕವಿಯ ಆ ಓಣಿಯಲ್ಲಿ ಮಗ್ಗಗಳು ಶುರುವಾಗಿ ಒಂದು ತಾಸು ಕಳೆದಿತ್ತು. ಧನಪಾಲ ಮಾಸ್ತರರು ಹೊರಕೋಣೆಯ ಮೇಜಿನ ಮುಂದೆ ಕುಳಿತು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಬೆರಳುದ್ದದ ಒಂದು ದೋಣಿಯ ಮೈ ತಿಕ್ಕುತ್ತಿದ್ದರು. ದೋಣಿಗೆ ಮೊದಲು ಮುದಿ ಕಟ್ಟಿಗೆಯ ಕಂದು ಬಣ್ಣ ಹಚ್ಚಿದ್ದರು. ಅದನ್ನು ತುಸು ಒದ್ದೆ ಮಾಡಿ ಅಡಿಗೆ ಉಪ್ಪು ಉದುರಿಸಿ, ಒಣಗಿದ ಮೇಲೆ ಹಸಿರು ಬಣ್ಣ ಬಳಿದಿದ್ದರು. ಈಗ ಉಪ್ಪಿನ ಹರಳು ಎದ್ದುಹೋದಲ್ಲೆಲ್ಲ ಹಸಿರು ಕಿತ್ತು ಒಳಗಿನ ಕಂದು ಕಾಣುತ್ತಿತ್ತು. ನಿನ್ನೆ ಮಾಡಿದ ದೋಣಿ ಹತ್ತು ವರ್ಷ ಬಿಸಿಲು, ಉಪ್ಪುನೀರು ತಿಂದಂತೆ ಆಗಿತ್ತು.

ಸೊಸೆ ಕ್ಷಮಾ ಹೊಸ್ತಿಲ ಬಳಿಯ ಸ್ಟೂಲಿನ ಮೇಲೆ ಚಹಾ ಇಟ್ಟು ಹೋದಳು. ಮಾಸ್ತರರು ತಲೆ ಎತ್ತಲಿಲ್ಲ. ಎಂಟು ತಿಂಗಳಿಂದ ಚಹಾ ಹೀಗೇ ಬರುತ್ತಿತ್ತು, ಒಮ್ಮೊಮ್ಮೆ ಕೆನೆಗಟ್ಟಿ ಹಾಗೇ ತಿರುಗಿ ಹೋಗುತ್ತಿತ್ತು.

ಎಂಟು ತಿಂಗಳ ಹಿಂದೆ, ಜನವರಿಯಲ್ಲಿ, ಅವರ ಒಬ್ಬನೇ ಮಗ ಯುವರಾಜ ಕೊಂಕಣದ ಒಂದು ಸಣ್ಣ ಊರಿನ ಕಡಲಲ್ಲಿ ಮುಳುಗಿ ಸತ್ತಿದ್ದ. ಬನಹಟ್ಟಿಯ ನೂಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವನಿಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಗಂಡಹೆಂಡತಿ ಇಬ್ಬರೂ ಎರಡು ದಿನದ ಮಟ್ಟಿಗೆ ಸಮುದ್ರ ನೋಡಲು ಹೋದವರು. ಶವ ತರಲು ಮಾಸ್ತರರೇ ಅಳಿಯ ಅರುಣನೊಂದಿಗೆ ಹೋಗಿದ್ದರು. ಅಲ್ಲಿಯ ಆಸ್ಪತ್ರೆಯಲ್ಲಿ ಕುಳಿತಾಗ ಗೋಡೆಯಾಚೆಯಿಂದ ಒಂದೇ ಸಮ ಸದ್ದು ಬರುತ್ತಿತ್ತು. ಇಲ್ಲಿಯೂ ಮಗ್ಗಗಳಿವೆ ಎಂದುಕೊಂಡರು. ಅದು ಸಮುದ್ರವೆಂದು ತಿಳಿದದ್ದು ಗಾಡಿ ಘಾಟು ಹತ್ತಿದ ಮೇಲೆ, ಅರುಣ ಹೇಳಿದಾಗ. ಮೂವತ್ತೊಂದು ವರ್ಷ ಜಮಖಂಡಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿದವರು ಅವರು. ಕರಿಹಲಗೆಯ ಮೇಲೆ ನೂರಾರು ಸಲ ಕಡಲು, ಹಡಗು, ಮುಳುಗುವ ಸೂರ್ಯ ಬರೆದಿದ್ದರು. ಅಷ್ಟು ಹತ್ತಿರ ಹೋಗಿಯೂ ಸಮುದ್ರ ನೋಡದೆ ಬಂದರು.

ಆ ದಿನವೂ ಅವರಿಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಬಂದವರು ಸಮಾಧಾನ ಹೇಳಿದರು, ಇವರು ಹೂಂ ಎಂದರು. ಬಸದಿಗೆ ಹೋದರು, ಬಂದರು, ಹೊತ್ತು ಮುಳುಗುವ ಮೊದಲೇ ಉಂಡರು. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಎಂಬುದು ಕೂಡ ಹೆಂಡತಿ ಬಾಳವ್ವ ಕೇಳಿದ ಮೇಲೇ ತಿಳಿಯುತ್ತಿತ್ತು.

ಜೂನ್ ತಿಂಗಳಲ್ಲಿ ಯುವರಾಜನ ಮೊಬೈಲು ಪೊಲೀಸರಿಂದ ಮನೆಗೆ ಬಂತು. ಅರುಣ ಅದರಲ್ಲಿದ್ದ ಫೋಟೋಗಳನ್ನು ತೆಗೆದುಕೊಟ್ಟ. ಕೊನೆಯ ಆರು ಫೋಟೋಗಳು ಆ ದಂಡೆಯವು. ಮಾಸ್ತರರು ಅವುಗಳನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಮೂರಡಿ ಉದ್ದ ಎರಡಡಿ ಅಗಲದ ಒಂದು ಪ್ಲೈವುಡ್ ಹಲಗೆ ತಂದರು. ಅದರ ಮೇಲೆ ಆ ದಂಡೆಯನ್ನೇ ಚಿಕ್ಕದಾಗಿ ಕಟ್ಟತೊಡಗಿದರು. ಥರ್ಮೋಕೋಲು ಕೊರೆದು ಗುಡ್ಡ ಮಾಡಿದರು. ಕೃಷ್ಣಾ ನದಿಯ ಮರಳು ತಂದು ಮಗಳು ಮಂಗಲಾಳ ಹಳೆಯ ಓಢಣಿಯಲ್ಲಿ ಸೋಸಿ ದಂಡೆ ಮಾಡಿದರು. ಮಗ್ಗದವರ ಮನೆಯಿಂದ ಎಳೆ ನೂಲು ತಂದು ಚಹಾದ ಕಷಾಯದಲ್ಲಿ ಅದ್ದಿ ಬಲೆ ಹೆಣೆದರು. ಇಟ್ಟಂಗಿ ಪುಡಿಯನ್ನು ಅಂಟಿನಲ್ಲಿ ಕಲಸಿ ಲಂಗರಿಗೆ ತುಕ್ಕು ಹಿಡಿಸಿದರು. ಕೈಗೆ ಕೆಲಸವಿದ್ದಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು, ಅಷ್ಟೇ ಸಾಕಾಗಿತ್ತು.

ಬಾಳವ್ವ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಅವಳ ದುಃಖ ಬೇರೆ ದಾರಿ ಹಿಡಿದಿತ್ತು. ಸಮುದ್ರ ನೋಡಬೇಕೆಂದು ಗಂಡನ ಬೆನ್ನು ಹತ್ತಿ ಕರೆದುಕೊಂಡು ಹೋದವಳು ಕ್ಷಮಾ, ಅವಳ ಕಾಲ್ಗುಣವೇ ಮಗನನ್ನು ನುಂಗಿತು ಎಂಬುದು ಅವಳ ಮಾತು. ಬಂದವರ ಮುಂದೆ ಹೇಳಿದಳು, ಹೋದವರ ಮುಂದೆ ಹೇಳಿದಳು, ಕೊನೆಗೆ ಓಣಿಯವರೇ ಅದನ್ನು ಹೇಳತೊಡಗಿದರು. ಬಾಳವ್ವ ಕೆಟ್ಟ ಹೆಂಗಸಲ್ಲ. ಮದುವೆಯಾದ ಹೊಸದರಲ್ಲಿ ಸೊಸೆಗೆ ಜ್ವರ ಬಂದಾಗ ಎರಡು ರಾತ್ರಿ ಅವಳ ಹಣೆಗೆ ತಣ್ಣೀರ ಬಟ್ಟೆ ಹಾಕಿ ಕುಳಿತವಳು ಅವಳೇ. ಈಗ ಸೊಸೆಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕ್ಷಮಾ ಹಿಟ್ಟು ನಾದುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಎದುರುತ್ತರ ಕೊಡುತ್ತಿರಲಿಲ್ಲ.

ಇದನ್ನೆಲ್ಲ ಕೇಳಿಯೂ ಮಾಸ್ತರರು ಸುಮ್ಮನಿದ್ದರು. ಸುಮ್ಮನಿರಲು ಅವರಿಗೊಂದು ಕಾರಣವಿತ್ತು. ಸಮುದ್ರಕ್ಕೆ ಹೋಗಿ ಬರಲು ಮಗನಿಗೆ ಹೇಳಿದವರು ಅವರೇ. ಹುಡುಗಿ ಬಂದು ವರ್ಷವಾಯಿತು, ಎಲ್ಲಿಗೂ ಕರೆದುಕೊಂಡು ಹೋಗಿಲ್ಲ, ನಾನಂತೂ ಬರೆದು ಬರೆದು ಮುದುಕನಾದೆ, ನೀವಾದರೂ ನೋಡಿ ಬನ್ನಿ ಎಂದಿದ್ದರು. ನೀರೆಂದರೆ ಅಂಜುವ ಬಾಳವ್ವ ಬೇಡ ಅನ್ನುತ್ತಾಳೆಂದು ಅವಳಿಗೆ ತಿಳಿಸದೆ, ತಾವೇ ಜಮಖಂಡಿಗೆ ಹೋಗಿ ಬಸ್ಸಿನಲ್ಲಿ ಸೀಟು ಹಿಡಿಸಿ ಬಂದಿದ್ದರು. ಹೆಂಡತಿ ಮೊದಲ ಸಲ ಕ್ಷಮಾಳನ್ನು ಅಂದಾಗ ಈ ಮಾತು ಗಂಟಲಿನವರೆಗೆ ಬಂದಿತ್ತು. ಹೆಣದ ಮುಂದೆ ಬೇಡ ಎಂದುಕೊಂಡರು. ಆಮೇಲೆ ಹನ್ನೆರಡನೆಯ ದಿನ ಕಳೆಯಲಿ ಎಂದುಕೊಂಡರು. ಆಮೇಲೆ ಏನನ್ನೂ ಅಂದುಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಮುಧೋಳಕ್ಕೆ ಕೊಟ್ಟ ಮಗಳು ಮಂಗಲಾಳಿಗೆ ಏಳು ತಿಂಗಳು ತುಂಬಿತು. ಸೀಮಂತದ ಕುಬಸವನ್ನು ತವರಿನಲ್ಲಿ ಮಾಡುವುದೆಂದಾಯಿತು. ತೇರದಾಳದಿಂದ ಬಾಳವ್ವನ ಅಕ್ಕ ತಾರವ್ವ ಬಂದಳು. ಬಸುರಿಗೆ ಉಡಿ ತುಂಬುವಾಗ ಗಂಡ ಸತ್ತವಳು ಮನೆಯಲ್ಲಿ ಕಣ್ಣಿಗೆ ಬೀಳುವುದು ಛಲೋ ಅಲ್ಲ ಎಂದಳು. ಕ್ಷಮಾಳನ್ನು ಅವಳ ತವರಾದ ಬಾಡಗಂಡಿಗೆ ಕಳಿಸಬೇಕು, ಅವಳ ಅಣ್ಣ ಕಪಿಲ ಭಾನುವಾರ ಬಂದು ಕರೆದುಕೊಂಡು ಹೋಗಬೇಕು ಎಂದು ಅಕ್ಕತಂಗಿಯರು ನಿಶ್ಚಯಿಸಿದರು. ನಾಲ್ಕು ದಿನದ ಮಾತು ಎಂದರು. ಬಾಳವ್ವ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು. ಮಾಸ್ತರರು ಹೂಂ ಎಂದರು.

ಆ ಗುರುವಾರ ಅವರು ನೀರು ಸುರಿಯುವ ಕೆಲಸಕ್ಕೆ ಕೈಹಾಕಿದ್ದರು. ಹುಬ್ಬಳ್ಳಿಯಿಂದ ತರಿಸಿದ ರೆಸಿನ್ನಿನ ಎರಡು ಬಾಟಲಿಗಳಿದ್ದವು. ಒಂದರ ದ್ರವವನ್ನು ಇನ್ನೊಂದರೊಡನೆ ಅಳತೆ ಮಾಡಿ ಕಲಸಿದರೆ ಒಂದು ದಿನದಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ. ಒಮ್ಮೆಲೇ ಸುರಿಯಬಾರದು, ತೆಳ್ಳಗೆ ಪದರ ಪದರವಾಗಿ ಸುರಿಯಬೇಕು. ಮಾಸ್ತರರು ಪ್ಲಾಸ್ಟಿಕ್ ಲೋಟದಲ್ಲಿ ಕಲಸಿ ಎರಡು ಹನಿ ನೀಲಿ ಬಿಟ್ಟರು.

ಚಹಾ ಇಡಲು ಬಂದ ಕ್ಷಮಾ ಈ ಸಲ ತಿರುಗಿ ಹೋಗಲಿಲ್ಲ.

“ಮಾವಾರ, ಅಷ್ಟ ನೀಲಿ ಇದ್ದಿಲ್ರಿ,” ಎಂದಳು.

ಮಾಸ್ತರರು ತಲೆ ಎತ್ತಿದರು. ಸೊಸೆಯ ದನಿ ಹೀಗಿರುತ್ತದೆ ಎಂಬುದನ್ನೇ ಮರೆತಂತಿತ್ತು.

“ಮತ್ತ ಹೆಂಗಿತ್ತು?”

“ಅಕ್ಕಿ ತೊಳದ ನೀರಿನ ಗತೆ ಇತ್ರಿ. ದೂರ ಹೋದಂಗ ಸ್ವಲ್ಪ ಹಸರ. ನೀಲಿ ಅಂತೂ ಎಲ್ಲೂ ಇದ್ದಿಲ್ಲ.”

ಮೂವತ್ತೊಂದು ವರ್ಷ ಅವರು ಮಕ್ಕಳಿಗೆ ಸಮುದ್ರಕ್ಕೆ ನೀಲಿ ಹಚ್ಚಲು ಹೇಳಿದ್ದರು. ಆ ಲೋಟವನ್ನು ಪಕ್ಕಕ್ಕಿಟ್ಟು ಇನ್ನೊಂದರಲ್ಲಿ ಹೊಸದಾಗಿ ಕಲಸಿದರು. ಒಂದು ಚೂರು ಬಿಳಿ, ಚಿಟಿಕೆ ಮಣ್ಣಿನ ಬಣ್ಣ ಹಾಕಿ, ಅವಳು ಹೌದು ಎನ್ನುವವರೆಗೂ ಕಡ್ಡಿಯಿಂದ ತಿರುಗಿಸಿದರು. ಕ್ಷಮಾ ಹೊಸ್ತಿಲ ಒಳಗೆ ಬಂದು ನಿಂತಳು.

ಫೋಟೋಗಳಲ್ಲಿ ಇಲ್ಲದ್ದನ್ನು ಅವಳು ಬೆರಳಿಟ್ಟು ತೋರಿಸಿದಳು. ಹಸಿರು ದೋಣಿ ಇನ್ನೂ ಇತ್ತ ಇರಬೇಕು, ಬಲೆ ಅದರ ಮೇಲಲ್ಲ, ಪಕ್ಕದಲ್ಲಿ ಹರಡಿತ್ತು ಎಂದಳು. ಮಾಸ್ತರರು ಎಲ್ಲವನ್ನೂ ಸರಿಸಿದರು. ದಂಡೆಯುದ್ದಕ್ಕೂ ತೆರೆ ಎಬ್ಬಿಸಲು ಅರಳೆ ಎಳೆದು ಅಂಟಿಸಿದ್ದರು. ಕ್ಷಮಾ ಅದರ ನಡುವೆ ಎರಡು ಬೆರಳಗಲದ ಜಾಗದ ಮೇಲೆ ಕೈ ಹಿಡಿದಳು.

“ಇಲ್ಲಿ ತೆರಿ ಇದ್ದಿಲ್ರಿ. ಈ ಕಡೆ ಬರ್ತಿದ್ವು, ಆ ಕಡೆ ಬರ್ತಿದ್ವು, ನಡುವ ಕೆರಿ ನೀರಿನ ಗತೆ ಸುಮ್ಮನಿತ್ತು. ತೆರಿ ಇದ್ದಲ್ಲಿ ಅಂಜಿಕಿ, ಇಲ್ಲೇ ಇಳೀತೀನಿ ಅಂದ್ರು ಅವರು. ಮೊಣಕಾಲ ಮಟ ಅಷ್ಟ ಹೋಗಿದ್ರು. ಆಮ್ಯಾಲ ಒಬ್ಬ ಮೀನಗಾರ ಹೇಳಿದ. ದಂಡಿಗೆ ಬಂದ ನೀರ ತಿರುಗಿ ಹೋಗೂದು ಅಲ್ಲಿಂದನ ಅಂತ. ನೋಡಾಕ ಸುಮ್ಮನಿರ್ತೈತಿ, ಒಳಗಿಂದ ಎಳೀತೈತಂತ.”

ಮಾಸ್ತರರು ಅಲ್ಲಿಯ ಅರಳೆಯನ್ನು ಚಿಮಟಿಗೆಯಿಂದ ಕಿತ್ತು ತೆಗೆದರು. ಒಂದೊಂದೇ ಎಳೆ ಬಿಡಿಸುತ್ತ, ಕೇಳಬಾರದ್ದನ್ನು ಕೇಳಿದರು.

“ನೀರಿಗೆ ಇಳೀಬ್ಯಾಡ ಅಂತ ನೀ ಅನಲಿಲ್ಲೇನು?”

“ಅಂದ್ನಿರಿ. ಅಪ್ಪಾ ಅಷ್ಟ ಆಸೆ ಮಾಡಿ ಕಳಿಸ್ಯಾನ, ಕಾಲರ ತೋಯಿಸ್ಕೊಂಡ ಹೋಗೂನು ಅಂದ್ರು.”

ಚಿಮಟಿಗೆ ನಿಂತಿತು.

“ನಾ ಕಳಿಸಿದ್ದು ನಿನಗ ಗೊತ್ತಿತ್ತು?”

“ಬಸ್ಸಿನ್ಯಾಗ ಅವರು ಹೇಳಿದ್ರು. ಸೀಟ ಹಿಡಿಸಿದ್ದೂ ನೀವ ಅಂತ ಹೇಳಿದ್ರು.”

“ಮತ್ತ ಎಂಟ ತಿಂಗಳ ಯಾಕ ಸುಮ್ಮನಿದ್ದಿ?”

ಕ್ಷಮಾ ಬಲೆಯ ಅಂಚನ್ನು ಬೆರಳಿನಿಂದ ಸರಿಮಾಡಿದಳು. “ಅತ್ಯಾರಿಗೆ ಯಾರಿಗರ ಅನಬೇಕಾಗಿತ್ರಿ. ನನಗ ಅಂದ್ರು. ನಿಮಗ ಅಂದಿದ್ರ ಅವರಿಗೆ ಮತ್ಯಾರ ಉಳೀತಿದ್ರು?”

ಅವಳು ಆರಿದ ಚಹಾದ ಕಪ್ಪು ಎತ್ತಿಕೊಂಡು ಹೋದಳು. ಮಾಸ್ತರರಿಗೆ ಎದೆ ಒಡೆಯಬೇಕಾಗಿತ್ತು, ಹಾಗೇನೂ ಆಗಲಿಲ್ಲ. ಲೋಟ ಎತ್ತಿದ ಕೈಗೆ ಬಿಸಿ ತಗುಲಿದಂತಾಗಿ ನೋಡಿದರೆ, ಕಲಸಿಟ್ಟ ರೆಸಿನ್ ಅದರಲ್ಲೇ ಕಾದು ಗಟ್ಟಿಯಾಗತೊಡಗಿತ್ತು. ಅದನ್ನು ಬಿಸಾಡಿ ಮತ್ತೆ ಕಲಸಿದರು. ಮೊದಲ ಪದರ ಸುರಿದು, ಗುಳ್ಳೆಗಳು ಒಡೆಯುವಂತೆ ಮೆಲ್ಲಗೆ ಊದಿದರು. ಶುಕ್ರವಾರ ಎರಡನೆಯ ಪದರ ಸುರಿದರು. ಅಕ್ಕಪಕ್ಕ ತೆರೆ ಎದ್ದವು, ನಡುವಿನ ಜಾಗ ಮಾತ್ರ ನುಣ್ಣಗೆ, ಯಾರನ್ನಾದರೂ ಕರೆಯುವಂತೆ ಉಳಿಯಿತು. ಶನಿವಾರ ಹೆಂಡತಿಗೆ ಹೇಳಲೆಂದು ಅಡಿಗೆಮನೆಯ ಬಾಗಿಲವರೆಗೆ ಎರಡು ಸಲ ಹೋದರು. ಬಾಳವ್ವ ಕುಬಸಕ್ಕೆಂದು ಕರ್ಚಿಕಾಯಿ ಮಾಡುತ್ತಿದ್ದಳು. ಏನು ಬೇಕು ಎಂದು ಕೇಳಿದಳು. ನೀರು ಎಂದರು, ಕುಡಿದು ಬಂದರು.

ಭಾನುವಾರ ಸಂಜೆ ಐದರ ಸುಮಾರಿಗೆ ಕಪಿಲ ಬಂದ. ಬಾಡಗಂಡಿಯಲ್ಲಿ ಕಬ್ಬು ಬೆಳೆಯುವ, ಮಾತು ಕಡಿಮೆಯ ಮನುಷ್ಯ. ಪಡಸಾಲೆಯ ತುದಿಗೆ ಕುಳಿತ. ಕ್ಷಮಾ ಒಳಗಿನಿಂದ ಒಂದು ದೊಡ್ಡ ಚೀಲ ತಂದು ಅಣ್ಣನ ಹತ್ತಿರ ಇಟ್ಟಳು. ಸೆರಗು ಸರಿಮಾಡಿಕೊಂಡು, ಅತ್ತೆಯ ಕಾಲಿಗೆ ನಮಸ್ಕರಿಸಲು ಬಾಗಿದಳು. ಬಾಳವ್ವ ಬೇರೆ ಕಡೆ ನೋಡುತ್ತಿದ್ದಳು.

ಹೊರಕೋಣೆಯ ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಅಲ್ಲಿಂದಲೇ ಮಾತಾಡಿದರು. ದನಿ ಏರಲಿಲ್ಲ.

“ಬಾಳವ್ವ, ಯುವರಾಜನ್ನ ಸಮುದ್ರಕ್ಕ ಕಳಿಸಿದಾಂವ ನಾನು. ಈಕಿ ಕೇಳಿದ್ದಿಲ್ಲ. ನಿನಗ ಗೊತ್ತಾಗದಂಗ ಜಮಖಂಡಿಗೆ ಹೋಗಿ ಸೀಟ ಹಿಡಿಸಿದಾಂವನೂ ನಾನ.”

ಬಾಳವ್ವ ಗಂಡನ ಮುಖ ನೋಡಿದಳು. ಬಾಗಿದ್ದ ಕ್ಷಮಾ ನಿಧಾನಕ್ಕೆ ಎದ್ದು ನಿಂತಳು.

“ಎಂಟ ತಿಂಗಳಾತು,” ಎಂದಳು ಬಾಳವ್ವ.

“ಹೌದು.”

“ಎಂಟ ತಿಂಗಳ ನಾ ಈಕೀಗ ಅನಕೋತ ಬಂದೆ. ನೀವ ಕೇಳಕೋತ ಕುಂತ್ರಿ.”

“ಹೌದು.”

ತಾರವ್ವ ನಡುವೆ ಬಾಯಿ ಹಾಕಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ತನ್ನ ಮೊದಲ ಬಸಿರು ಹೋದದ್ದೂ ಗಂಡ ಸತ್ತವಳೊಬ್ಬಳು ಎದುರಿಗಿದ್ದ ಇಂಥದೇ ಕಾರ್ಯ ಮುಗಿದ ಮರುವಾರವೇ ಎಂದಳು. ಯಾರು ಕಳಿಸಿದರೇನು, ಆಗಬಾರದ್ದು ಆಗಿದೆ, ಮಂಗಲಾಳ ಹೊಟ್ಟೆಯಲ್ಲಿರುವುದನ್ನು ನೋಡಬೇಕಲ್ಲ ಎಂದಳು. ಬಾಳವ್ವ ಎದ್ದು, ಗಂಡನನ್ನು ದಾಟಿಕೊಂಡು, ಮೂರು ತಿಂಗಳಲ್ಲಿ ಮೊದಲ ಸಲ ಆ ಹೊರಕೋಣೆಯೊಳಗೆ ಹೋದಳು.

ಮೇಜಿನ ಮುಂದೆ ನಿಂತು ನೋಡಿದಳು. ಗುಡ್ಡ, ಮರಳು, ಬಣ್ಣ ಕಿತ್ತ ದೋಣಿ, ನೂಲಿನ ಬಲೆ, ಅಕ್ಕಿ ತೊಳೆದ ನೀರಿನಂಥ ನೀರು.

“ಕ್ಷಮಾ,” ಎಂದು ಕರೆದಳು.

ಕ್ಷಮಾ ಒಳಗೆ ಬಂದಳು.

“ಎಲ್ಲಿ?”

ಕ್ಷಮಾ ತೆರೆಗಳ ನಡುವಿನ ನುಣುಪು ಜಾಗ ತೋರಿಸಿದಳು. ಬಾಳವ್ವ ಅದರ ಮೇಲೆ ಅಂಗೈ ಇಟ್ಟಳು. ಗಟ್ಟಿಯಾಗಿತ್ತು, ತಣ್ಣಗಿತ್ತು. ಕೈ ತೆಗೆಯದೆಯೇ ಕೇಳಿದಳು.

“ನೀ ಎಲ್ಲಿ ನಿಂತಿದ್ದಿ?”

ಎಂಟು ತಿಂಗಳಲ್ಲಿ ಯಾರೂ ಅವಳನ್ನು ಇದು ಕೇಳಿರಲಿಲ್ಲ. ಕ್ಷಮಾ ಮರಳಿನ ಮೇಲೆ ಒಂದು ಕಡೆ ಬೆರಳಿಟ್ಟಳು. ಆ ಬೆರಳಿಗೂ ಬಾಳವ್ವನ ಅಂಗೈಗೂ ನಡುವೆ ಒಂದು ಗೇಣು ಕೂಡ ಇರಲಿಲ್ಲ.

“ಒಬ್ಬಾಕೀನ?”

“ಹೂಂ ರಿ. ದಂಡಿ ಮ್ಯಾಲ ಬ್ಯಾರೆ ಯಾರೂ ಇದ್ದಿಲ್ಲ. ಒದರಿದ್ನಿರಿ. ಬಾಳ ಒದರಿದೆ.”

ಬಾಳವ್ವ ಸೊಸೆಯ ಆ ಬೆರಳನ್ನು ಮರಳಿನಿಂದ ಎತ್ತಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಅಳಲಿಲ್ಲ. ಹೊರಗೆ ಬಂದು ಬಾಳವ್ವ ಹೇಳಿದ್ದು ಇಷ್ಟೇ.

“ನಿಮ್ಮಣ್ಣಗ ತಾಟ ಹಚ್ಚು. ಹೊತ್ತ ಮುಣಗಾಕ ಬಂತು, ಉಂಡ ಹೋಗ್ಲಿ. ಬುಧವಾರ ಕುಬಸಕ್ಕ ಹೆಂಡತೀನ ಕರ್ಕೊಂಡ ಬರಾಕ ಹೇಳು.”

ತಾರವ್ವ ತಂಗಿಯ ಮುಖ ನೋಡಿ ಒಳಗೆ ಹೋದಳು. ಬಾಳವ್ವ ಗಂಡನ ಕಡೆ ಮಾತ್ರ ನೋಡಲಿಲ್ಲ. ಇನ್ನು ಎಷ್ಟು ದಿನ ನೋಡುವುದಿಲ್ಲವೋ ಮಾಸ್ತರರಿಗೆ ಗೊತ್ತಿರಲಿಲ್ಲ. ಅದು ತಮ್ಮ ಪಾಲಿಗೆ ಬರಬೇಕಾದದ್ದೇ ಎಂದುಕೊಂಡರು.

ಅವರು ಪಡಸಾಲೆಗೆ ಹೋಗಿ ಕಪಿಲನ ಪಕ್ಕದಲ್ಲಿದ್ದ ಚೀಲವನ್ನು ಒಳಗಿಡಲೆಂದು ಎತ್ತಿದರು. ಕಪಿಲ ತಾನು ತರುತ್ತೇನೆಂದು ಎದ್ದ, ಇವರು ಬೇಡವೆಂದರು. ಚೀಲ ಭಾರವಾಗಿತ್ತು, ಎರಡೂ ಕೈ ಹಾಕಬೇಕಾಯಿತು. ನಾಲ್ಕು ದಿನಕ್ಕೆಂದು ಹೊರಟವರ ಚೀಲ ಇಷ್ಟು ಭಾರವಿರುವುದಿಲ್ಲ ಎಂಬುದು ಕ್ಷಮಾಳ ಕೋಣೆ ಮುಟ್ಟುವಷ್ಟರಲ್ಲಿ ಅವರಿಗೆ ಹೊಳೆಯಿತು. ತಿರುಗಿ ಕರೆಸುವುದಿಲ್ಲವೆಂದು ಅವಳಿಗೆ ತಿಳಿದಿತ್ತು, ತಿಳಿದೂ ಕಾಲಿಗೆ ಬಾಗಿದ್ದಳು. ಮಾಸ್ತರರು ಚೀಲವನ್ನು ಮಂಚದ ಬಳಿ ಇಳಿಸಿ, ಅದರ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಳಿತರು. ಕಣ್ಣಿನಿಂದ ನೀರು ಇಳಿಯುತ್ತಿರುವುದು ಅವರಿಗೆ ತಿಳಿದದ್ದು, ಅದು ತುಟಿಗೆ ಉಪ್ಪುಪ್ಪಾಗಿ ತಾಗಿದ ಮೇಲೆ.