ಒರೆಸದೆ ಉಳಿದ ಗೆರೆ

ನೆರೆ ಇಳಿದ ಮೂರೇ ದಿನಕ್ಕೆ ಟೈಲರಮ್ಮ ತನ್ನ ಅಂಗಡಿಯ ಗೋಡೆಗಳನ್ನು ತಿಕ್ಕಿ ತೊಳೆದು ಸುಣ್ಣ ಬಳಿಸಿದ್ದಳು. ಆ ಅಚ್ಚುಕಟ್ಟುತನವೇ ಈಗ ಅವಳ ಕುತ್ತಿಗೆಗೆ ಬಂದಿತ್ತು.

“ಕೆಸರಿನ ಗೆರೆ ಎಲ್ಲಮ್ಮಾ?” ಎಂದ ಪುರಸಭೆಯ ಇಂಜಿನಿಯರ್, ಕೈಯಲ್ಲಿ ಟೇಪು ಹಿಡಿದು.

ನೆಲದಿಂದ ಮೂರಡಿಗಿಂತ ಮೇಲೆ ನೀರು ನಿಂತಿದ್ದ ಕಟ್ಟಡಕ್ಕೆ ಮಾತ್ರ ಪುನರ್ನಿರ್ಮಾಣದ ಅನುದಾನ. ಅದು ಸಿಕ್ಕರೆ ಮುಂದಿನ ಮಳೆಗೆ ಮೊದಲೇ ನೆಲ ಎತ್ತರಿಸಬಹುದು. ಸಿಗದಿದ್ದರೆ ನಾಲ್ಕು ಹೊಲಿಗೆ ಯಂತ್ರಗಳೂ ಮತ್ತೆ ಮುಳುಗುತ್ತವೆ, ಅಂಗಡಿಗೆ ಬೀಗ.

“ತೊಳೆದುಬಿಟ್ಟೆ ಸಾರ್. ಗಬ್ಬು ನಾರ್ತಿತ್ತು.”

“ಫೋಟೊದಲ್ಲಿ ಗೆರೆ ಇರಲೇಬೇಕು. ಈ ನಡುಗೋಡೆಯ ಆಚೆ ಬದಿ ಇದ್ರೂ ನಡೆಯುತ್ತೆ. ನೀರಿನ ಮಟ್ಟ ಎರಡೂ ಕಡೆ ಒಂದೇ ಅಲ್ವಾ.”

ಆಚೆ ಬದಿ ನಾದಿನಿಯ ಹಿಟ್ಟಿನ ಗಿರಣಿ. ಹಿಂದಿನ ನೆರೆಯ ನಂತರ ಅವಳು ತನ್ನ ನೆಲವನ್ನು ಅರ್ಧ ಅಡಿ ಎತ್ತರಿಸಿಕೊಂಡಿದ್ದಳು. ಬೀದಿಯ ನೀರೆಲ್ಲ ಟೈಲರಮ್ಮನ ಕಡೆ ತಿರುಗಿತ್ತು. ಅಂದಿನಿಂದ ಇಬ್ಬರ ನಡುವೆ ಬೈಗುಳ ಬಿಟ್ಟರೆ ಬೇರೆ ಮಾತಿಲ್ಲ. ಆದರೂ ಇಂಜಿನಿಯರನ್ನು ಕರೆದುಕೊಂಡು ಟೈಲರಮ್ಮ ಗಿರಣಿಗೆ ಹೋದಳು.

“ಬಾ ಅತ್ತಿಗೆ,” ಎಂದಳು ನಾದಿನಿ, ತಕ್ಕಡಿಯ ಮುಂದಿನಿಂದ ಏಳದೆ. “ಹೋದ ವಾರ ಬೀದಿಯವರ ಮುಂದೆ ಏನಂದೆ? ಹಂದಿನೂ ಇಷ್ಟು ಕೊಳೇಲಿ ಇರಲ್ಲ ಅಂದೆ. ಈಗ ನನ್ನ ಕೊಳೆಯೇ ಬೇಕಾಯ್ತಾ?”

“ಕೊಳೆ ನಿನ್ನದು, ಗೆರೆ ನದೀದು. ಅಳೆದುಕೊಂಡು ಹೋಗ್ತಾರೆ, ಬಿಡು.”

ನಾದಿನಿ ಬಕೆಟ್ಟಿನಿಂದ ಒದ್ದೆ ಬಟ್ಟೆ ಎತ್ತಿಕೊಂಡಳು. ನಡುಗೋಡೆಯ ಈ ತುದಿಯಿಂದ ಆರಾಮಾಗಿ ಒರೆಸತೊಡಗಿದಳು. ಒಣಗಿದ ಕೆಸರು ಕರಗಿ ಕೆಳಗಿಳಿಯಿತು.

“ಏನಮ್ಮ ಇದು?” ಎಂದ ಇಂಜಿನಿಯರ್.

“ನನ್ನ ಗೋಡೆ, ನನ್ನ ಬಟ್ಟೆ. ಬಾಗಿಲ ಹತ್ರ ಮೂರಡಿ ಒಂದಿಂಚು ಅಂತ ಮೊನ್ನೆಯೇ ಬರ್ಕೊಂಡ್ರಲ್ಲ. ನಂಗಿನ್ನು ಗೆರೆ ಯಾಕೆ?”

ಟೈಲರಮ್ಮ ತಡೆಯಲು ಹೋಗಲಿಲ್ಲ. ನಾದಿನಿಯ ಕೈ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಅದು ಕಣ್ಣಿಗೆ ಕಾಣುವಷ್ಟನ್ನೇ ಒರೆಸುವ ಕೈ. ಗಿರಣಿ ಯಂತ್ರದ ಹಿಂದಿನ ಸಂದಿಯಲ್ಲಿ ಗೆರೆ ಹಾಗೇ ಇತ್ತು. ಇಪ್ಪತ್ತು ವರ್ಷ ಕಣ್ಣಳತೆಯಲ್ಲೇ ತೋಳು, ಸೊಂಟದ ಅಳತೆ ಹೇಳಿದವಳಿಗೆ ಇನ್ನೊಂದೂ ಕಂಡಿತು: ಎತ್ತರಿಸಿದ ಈ ನೆಲದಿಂದ ಆ ಗೆರೆ ಮೂರಡಿ ಮುಟ್ಟುವುದಿಲ್ಲ, ತನ್ನ ನೆಲದಿಂದ ದಾಟುತ್ತದೆ. ಅದನ್ನು ತೋರಿಸಿದರೆ ತಾನು ಉಳಿಯುತ್ತಾಳೆ, ನಾದಿನಿ ಮುಳುಗುತ್ತಾಳೆ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಯೋಚಿಸಿದಳು.

“ಆ ಯಂತ್ರದ ಹಿಂದೆ ನೋಡಿ ಸಾರ್.”

ಇಂಜಿನಿಯರ್ ಮೊಣಕಾಲೂರಿ ಸಂದಿಗೆ ಟೇಪು ತೂರಿಸಿದ. “ಎರಡಡಿ ಹತ್ತಿಂಚು,” ಎಂದು ಓದಿ, ತಲೆಯೆತ್ತಿ ನಾದಿನಿಯನ್ನು ನೋಡಿದ. “ಮೊನ್ನೆ ಟೇಪಿನ ಕೆಳತುದಿ ನೀವೇ ಹಿಡಿದಿದ್ರಿ. ನೆಲಕ್ಕೆ ಹಿಡಿದಿದ್ರೋ, ಹೊರಗಿನ ಮೆಟ್ಟಿಲಿಗೋ?”

ನಾದಿನಿಯ ಕೈಯ ಬಟ್ಟೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಫೋಟೊ ತೆಗೆದುಕೊಂಡು ಗಿರಣಿಯ ಹಳೆಯ ಅಳತೆಯನ್ನು ಹೊಡೆದುಹಾಕಿದ. ಎರಡು ನೆಲಗಳ ನಡುವಿನ ಅರ್ಧ ಅಡಿ ಕೂಡಿಸಿ ಟೈಲರಮ್ಮನ ಹೆಸರಿನ ಮುಂದೆ ಮೂರಡಿ ನಾಲ್ಕಿಂಚು ಎಂದು ಬರೆದು ಹೊರಗೆ ನಡೆದ.

“ಹೊಟ್ಟೆ ತಣ್ಣಗಾಯ್ತಾ ಅತ್ತಿಗೆ?”

“ಬಟ್ಟೆ ಕೊಡು,” ಎಂದಳು ಟೈಲರಮ್ಮ. “ಆ ಸಂದಿ ನಾನೇ ಒರೆಸಿಕೊಡ್ತೀನಿ.”