ನಗು ನಿಲ್ಲಿಸಿದವಳು

ಹೆರಿಗೆಯಾದ ಮೇಲೆ ಹೆಂಡತಿ ಮುಖ ಗಂಟಿಕ್ಕಿಕೊಂಡೇ ಇರುತ್ತಾಳೆ, ಜೋಕು ಹೇಳಿದರೆ ಎದ್ದು ಹೋಗುತ್ತಾಳೆ ಎಂದು ಕ್ಷೌರಿಕ ತನ್ನ ಅತ್ತೆಯ ಹತ್ತಿರ ದೂರಿದ್ದ. ತಾಯಿಯಿಂದ ಬೈಸಿಕೊಂಡರೂ ಅವಳು ಕಾರಣ ಹೇಳಲಿಲ್ಲ.

ಹೆರಿಗೆಯ ಗಾಯದ ನೋವು ಹೆಚ್ಚಾಗಿ ಗಂಡನ ಜೊತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅವಳನ್ನು ಪರೀಕ್ಷಿಸಿ, ಅವನನ್ನೂ ಒಳಗೆ ಕರೆದರು.

"ಯೋನಿಗೂ ಗುದದ್ವಾರಕ್ಕೂ ನಡುವೆ, ಚರ್ಮದ ಕೆಳಗೆ ಅಡ್ಡಲಾಗಿ ಒಂದು ತೆಳು ಸ್ನಾಯು ಇರುತ್ತೆ. ಹೆರಿಗೇಲಿ ಹರಿದದ್ದು ಸರಿಯಾಗಿ ಕೂಡಿಲ್ಲ. ಸುತ್ತಲಿನ ಸ್ನಾಯುಗಳೂ ಸಡಿಲಾಗಿವೆ. ಅದಕ್ಕೇ ನಕ್ಕರೆ ಮೂತ್ರ ಸೋರುತ್ತೆ. ವ್ಯಾಯಾಮ ಮಾಡಿದ್ರೆ ಸುಧಾರಿಸುತ್ತೆ."

ಅವನ ಮುಖ ಕಪ್ಪಿಟ್ಟಿತು. ಹೊರಗೆ ಬಂದು, "ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ಹೇಗ್ರೀ ಹೇಳ್ಲಿ? ನೀವು ಅದನ್ನೂ ಜೋಕು ಮಾಡಿಬಿಟ್ಟಿದ್ರೆ?"

ಅವನು ಮಗುವನ್ನು ತಾನೇ ಎತ್ತಿಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು ಫೋನು ಮಾಡಿದ.

"ಅತ್ತೆ, ಅವಳನ್ನ ಬೈಬೇಡಿ. ತಪ್ಪೆಲ್ಲ ನಂದೇ."